ಘಟ್ಟ ಹತ್ತಿ ಬಂದವರ ಹೆಸರು ಬರೆದಿಟ್ಟ ಪುಸ್ತಕ

ಮಲೆನಾಡಿನ ನಮ್ಮ ಊರಿನ ಚರ್ಚ್ ಸಭಾಂಗಣದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳನ್ನು ಇಲ್ಲಿ ಬರೆದು ಕೊಟ್ಟಿದ್ದೇನೆ. ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಉಳಿದಂತೆ ಮಾತಿನ ಧಾಟಿ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಪೂಜೆಗೆ ಬಂದು ಹಾಗೇ ಉಳಿದವರಿಗೂ, ಪೇಟೆಯಿಂದ ಕೇಳೋಕೆ ಅಂತಲೇ ಬಂದ ಗೆಳೆಯರಿಗೂ.

ನನ್ನನ್ನು ಕರೆದವರು ಹೇಳಿದ್ದು ಇಷ್ಟೇ: "ಚರ್ಚ್ ಯಾವಾಗ ಕಟ್ಟಿದ್ದು, ಯಾರು ಯಾರು ಪಾದ್ರಿಗಳಾಗಿದ್ದರು, ಒಂದು ಗಂಟೆ ಮಾತಾಡಿ." ಅದೆಲ್ಲ ಜೂಬಿಲಿ ಸಂಚಿಕೆಯಲ್ಲಿ ಅಚ್ಚಾಗಿದೆ. ಬಾಗಿಲ ಪಕ್ಕದ ಕಲ್ಲಿನಲ್ಲೂ ಕೆತ್ತಿದ್ದಾರೆ. ಅದನ್ನೇ ಮತ್ತೆ ಓದಿ ನಿಮ್ಮ ಸಂಜೆ ಹಾಳು ಮಾಡುವುದಿಲ್ಲ. ನಾನು ಇವತ್ತು ಕಚೇರಿಯ ಕಪಾಟಿನಲ್ಲಿರುವ ಪುಸ್ತಕಗಳ ಬಗ್ಗೆ ಮಾತಾಡುತ್ತೇನೆ. ಕ್ರೈಸ್ತ ಸಭೆಗೆ ಸೇರಿಸುವಾಗ ನೀರು ಹಾಕಿ ಕೊಡುವ ಜ್ಞಾನಸ್ನಾನದ ಪುಸ್ತಕ, ಮದುವೆಯ ಪುಸ್ತಕ, ಸಾವಿನ ಪುಸ್ತಕ. ಈ ಊರಿನ ಧರ್ಮಕೇಂದ್ರದ, ಅಂದರೆ ಒಬ್ಬ ಪಾದ್ರಿಯ ಕೆಳಗಿನ ಕ್ರೈಸ್ತ ಸಮುದಾಯದ, ನಿಜವಾದ ಚರಿತ್ರೆ ಅವುಗಳಲ್ಲಿದೆ ಅಂತ ನನ್ನ ನಂಬಿಕೆ.

ಜ್ಞಾನಸ್ನಾನದ ಹಳೆಯ ಪುಸ್ತಕವನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಒಂದು ಮಳೆಗಾಲದಲ್ಲಿ. ಕಪಾಟಿಗೆ ಗೆದ್ದಲು ಹತ್ತಿತ್ತು. ಬಿಸಿಲು ಬಿದ್ದ ಒಂದು ಮಧ್ಯಾಹ್ನ ಪುಸ್ತಕಗಳನ್ನೆಲ್ಲ ಹೊರಗೆ ಜಗಲಿಯಲ್ಲಿ ಹರಡಿದೆವು. ಉದ್ದನೆಯ ಪುಸ್ತಕ, ರಟ್ಟಿನ ಹೊದಿಕೆ, ಬೆನ್ನಿಗೆ ಬಟ್ಟೆ. ಕಪ್ಪು ಮಸಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಕೆಲವು ಹಾಳೆಗಳ ಅಂಚನ್ನು ಗೆದ್ದಲು ಕಚ್ಚಿ ನಕ್ಷೆಯ ಕರಾವಳಿಯ ಹಾಗೆ ಮಾಡಿಟ್ಟಿತ್ತು. ಎರಡು ಹಾಳೆಗಳಲ್ಲಿ ಮಕ್ಕಳ ಹೆಸರೇ ಹೋಗಿ, ಅಪ್ಪ ಅಮ್ಮನ ಹೆಸರು ಮಾತ್ರ ಉಳಿದಿತ್ತು. ನಾನು ಅವತ್ತು ಬಹಳ ಹೊತ್ತು ಆ ಎರಡು ಹಾಳೆಗಳನ್ನೇ ನೋಡುತ್ತ ಕೂತಿದ್ದೆ.

ಒಂದು ಪುಟ ಹೇಗಿರುತ್ತೆ ಅಂತ ಹೇಳುತ್ತೇನೆ. ಬರಹ ಲ್ಯಾಟಿನ್‌ನಲ್ಲಿ. ಇಂಥ ದಿನ, ಇಂಥ ತಿಂಗಳು, ಇಂಥ ವರ್ಷ, "ಎಗೊ ಬಾಪ್ತಿಸಾವಿ", ಅಂದರೆ "ನಾನು ಸ್ನಾನ ಕೊಟ್ಟೆ". ಮಗುವಿನ ಹೆಸರು. ಹುಟ್ಟಿದ ದಿನ. ತಂದೆ, ತಾಯಿ, ಅವರ ಊರು. ತಂದೆ ಏನು ಕೆಲಸ ಮಾಡುತ್ತಾನೆ. ಮಗುವಿನ ನಂಬಿಕೆಗೆ ಹೊಣೆ ನಿಲ್ಲುವ ಜ್ಞಾನ ತಂದೆ, ಜ್ಞಾನ ತಾಯಿ ಯಾರು. ಕೊನೆಗೆ ಪಾದ್ರಿಯ ಸಹಿ. ಕೆಲಸದ ಜಾಗದಲ್ಲಿ ಮತ್ತೆ ಮತ್ತೆ ಬರುವ ಮಾತು "ಒಪೆರಾರಿಯುಸ್". ಕೂಲಿಯವನು ಅಂತ ಅರ್ಥ. ಊರಿನ ಜಾಗದಲ್ಲಿ ನಮ್ಮೂರಿನ ಹೆಸರಿಗಿಂತ ಘಟ್ಟದ ಕೆಳಗಿನ ಊರುಗಳ ಹೆಸರೇ ಜಾಸ್ತಿ.

ಹೆಸರುಗಳನ್ನೂ ನೋಡಿ. ಪುಸ್ತಕದಲ್ಲಿ "ಸೆಬಾಸ್ಟಿಯಾನುಸ್" ಅಂತ ಇರುತ್ತದೆ. ಮನೆಯಲ್ಲಿ ಅವನು ಬಸ್ತ್ಯಾಂವ್. ಕೆಲಸ ಮಾಡುವ ತೋಟದಲ್ಲಿ ಬಸ್ತ್ಯಣ್ಣ. ಒಬ್ಬನೇ ಮನುಷ್ಯ, ದೇವರ ಮುಂದೆ ಒಂದು ಹೆಸರು, ಅಮ್ಮನ ಬಾಯಲ್ಲಿ ಒಂದು, ಸಾಹುಕಾರರ ಅಂಗಳದಲ್ಲಿ ಇನ್ನೊಂದು. ಮೂರೂ ಗೊತ್ತಿದ್ದರೆ ಮಾತ್ರ ಈ ಪುಸ್ತಕ ಓದೋಕೆ ಆಗುತ್ತೆ. ಇವತ್ತಿನ ಹುಡುಗರಿಗೆ ಮೊದಲನೆಯದು ಮಾತ್ರ ಗೊತ್ತು. ಹಿರಿಯರು ಇರುವಾಗಲೇ ಉಳಿದ ಎರಡನ್ನು ಕೇಳಿ ಬರೆದುಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ.

ಹೀಗೆ ಬರೆದಿಡುವ ಪದ್ಧತಿ ಎಲ್ಲಿಂದ ಬಂತು? ಯುರೋಪಿನಲ್ಲಿ ನಡೆದ ಟ್ರೆಂಟ್ ಮಹಾಸಭೆ 1563ರಲ್ಲಿ ಪ್ರತಿಯೊಬ್ಬ ಧರ್ಮಕೇಂದ್ರದ ಗುರು ಮದುವೆ ಮತ್ತು ಜ್ಞಾನಸ್ನಾನದ ಪುಸ್ತಕ ಇಡಬೇಕು ಅಂತ ಕಟ್ಟು ಮಾಡಿತು. ಗುಟ್ಟಾಗಿ ಆಗುವ ಮದುವೆಗಳನ್ನು ತಡೆಯುವುದು ಅದರ ಒಂದು ಉದ್ದೇಶ. ಆ ಒಂದು ನಿಯಮದಿಂದ ಎಷ್ಟೋ ದೂರದ, ಎಷ್ಟೋ ಕಾಲದ ನಂತರದ ನಮ್ಮ ಕಾಡಿನ ಊರಿನಲ್ಲಿ ಒಬ್ಬ ಕೂಲಿಯವನ ಮಗಳ ಹುಟ್ಟಿದ ದಿನ ದಾಖಲಾಯಿತು.

ಇದರ ಬೆಲೆ ತಿಳಿಯಬೇಕಾದರೆ ನಮ್ಮ ಸೀಮೆಯ ಇನ್ನೊಂದು ದಾಖಲೆಯನ್ನು ನೆನಪು ಮಾಡಿಕೊಳ್ಳಿ. ಶಿವಪ್ಪ ನಾಯಕನ ಶಿಸ್ತು. ಕೆಳದಿಯ ಶಿವಪ್ಪ ನಾಯಕ ಭೂಮಿ ಅಳೆಸಿ, ಮಣ್ಣಿನ ಗುಣ ನೋಡಿ ಕಂದಾಯ ಕಟ್ಟಿದ. ನಮ್ಮ ಕಡೆ ಇವತ್ತಿಗೂ ಜನ ಹೆಮ್ಮೆಯಿಂದ ಹೇಳುವ ಮಾತು ಅದು. ಆದರೆ ಶಿಸ್ತು ಬರೆದದ್ದು ಭೂಮಿಯನ್ನು. ಭೂಮಿ ಇದ್ದವರ ಹೆಸರು ಕಂದಾಯದ ಲೆಕ್ಕದಲ್ಲಿ ಸಿಗುತ್ತೆ. ದೇವಸ್ಥಾನಕ್ಕೆ ದಾನ ಕೊಟ್ಟವರ ಹೆಸರು ಶಾಸನದಲ್ಲಿ ಸಿಗುತ್ತೆ. ಭೂಮಿಯೂ ಇಲ್ಲದ, ದಾನ ಕೊಡಲು ಏನೂ ಇಲ್ಲದ ಮನುಷ್ಯನ ಹೆಸರು ಎಲ್ಲಿ ಸಿಗಬೇಕು? ಜನನ ಮರಣ ನೋಂದಣಿಯ ಕಾಯ್ದೆ ದೇಶಕ್ಕೆಲ್ಲ ಒಂದೇ ಆಗಿ ಬಂದದ್ದು 1969ರಲ್ಲಿ. ಅದಕ್ಕೆ ಮುಂಚೆ ತೋಟದ ಲೈನಿನಲ್ಲಿ, ಗುಡಿಸಲಿನಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಈ ಪುಸ್ತಕದ ಸಾಲು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಶಾಲೆಗೆ ಸೇರಿಸುವಾಗ ಅದೇ. ಪಿಂಚಣಿಗೆ ವಯಸ್ಸು ತೋರಿಸುವಾಗಲೂ ಅದೇ.

ಸರಿ, ಈ ಜನ ಇಲ್ಲಿಗೆ ಬಂದದ್ದು ಹೇಗೆ?

ದೂರದಿಂದ ಶುರು ಮಾಡುತ್ತೇನೆ, ಆದರೆ ಬೇಗ ಬರುತ್ತೇನೆ. ನಮ್ಮ ಕಾಳುಮೆಣಸಿಗೆ ಪೋರ್ಚುಗೀಸರು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಗೆರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಅಂತ ಕರೆದವರು ಅವರೇ. ಮೆಣಸು, ಅಕ್ಕಿ ಘಟ್ಟ ಇಳಿದು ಹೊನ್ನಾವರ, ಬಸ್ರೂರು, ಮಂಗಳೂರಿಗೆ ಹೋಗುತ್ತಿತ್ತು. ಶಿವಪ್ಪ ನಾಯಕ ಕರಾವಳಿಯ ಅವರ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಅವನ ನಂತರ ವ್ಯಾಪಾರಕ್ಕಾಗಿ ಮತ್ತೆ ಮಾತುಕತೆ ನಡೆಯಿತು. 1671ರಲ್ಲಿ ಒಂದು ಒಪ್ಪಂದ, 1678ರಲ್ಲಿ ಇನ್ನೊಂದು. ಕೆಳದಿ ಚೆನ್ನಮ್ಮನ ಕಾಲದ ಈ ಎರಡನೆಯ ಒಪ್ಪಂದದಲ್ಲಿ ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರದಂಥ ಕಡೆ ಇಗರ್ಜಿ, ಅಂದರೆ ಚರ್ಚ್, ಕಟ್ಟಿಕೊಳ್ಳಲು ಅನುಮತಿ ಸಿಕ್ಕಿತು. ಅನುಮತಿ ಕೊಟ್ಟದ್ದು ಲಿಂಗಾಯತ ಅರಸುಮನೆ. ಅದೂ ಎಲ್ಲಿಂದ? ಘಟ್ಟದ ಮೇಲಿನ ಬಿದನೂರಿನಿಂದ. ಇವತ್ತು ನಾವು ನಗರ ಅಂತ ಕರೆಯುವ, ಹೊಸನಗರದ ಪಕ್ಕದ ಊರಿನಿಂದ. ಹಾಗೆ ನೋಡಿದರೆ ಕರಾವಳಿಯ ಇಗರ್ಜಿಗಳ ಚರಿತ್ರೆಯ ಒಂದು ಬೇರು ನಮ್ಮ ಮಲೆನಾಡಿನಲ್ಲೇ ಇದೆ.

ಗೋವಾದಿಂದ ಕೊಂಕಣಿ ಮಾತಾಡುವ ಕ್ರೈಸ್ತರು ಕೆನರಾಕ್ಕೆ ಬಂದು ನೆಲೆಸಿದ್ದು ಹಲವು ಅಲೆಗಳಲ್ಲಿ. ಬರಗಾಲಕ್ಕೆ ಬಂದವರಿದ್ದಾರೆ. 1560ರಲ್ಲಿ ಗೋವಾದಲ್ಲಿ ಶುರುವಾದ ಧರ್ಮ ವಿಚಾರಣೆಯ (ಇನ್‌ಕ್ವಿಸಿಷನ್) ಕಾಟಕ್ಕೆ ಬಂದವರಿದ್ದಾರೆ. 1683ರ ಮರಾಠರ ದಾಳಿಯ ನಂತರ ಬಂದವರೂ ಇದ್ದಾರೆ. 1684ರಲ್ಲಿ ಪೋರ್ಚುಗೀಸ್ ಆಡಳಿತ ಕೊಂಕಣಿ ಭಾಷೆಯನ್ನೇ ಬಿಡಬೇಕು ಅಂತ ಆಜ್ಞೆ ಹೊರಡಿಸಿತು. ತಾಯಿಮಾತಿಗೆ ಅಂಥ ಆಜ್ಞೆ ಬಿದ್ದ ಊರಿನಿಂದ ಬಂದವರು ಇಲ್ಲಿ ಕನ್ನಡ ಲಿಪಿಯಲ್ಲಿ ಅದೇ ಕೊಂಕಣಿಯನ್ನು ಬರೆದರು, ಪ್ರಾರ್ಥನೆ ಹೇಳಿದರು. ನಮ್ಮ ಅಜ್ಜಿಯ ಜಪದ ಪುಸ್ತಕ ಕನ್ನಡ ಅಕ್ಷರದಲ್ಲೇ ಇತ್ತು. ಕೊಂಕಣಿ ಉಳಿಸಿಕೊಟ್ಟದ್ದು ಕನ್ನಡದ ಅಕ್ಷರ. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ, ಹೇಳುವಾಗ ಗಂಟಲು ತುಂಬಿ ಬರುತ್ತೆ.

ಇದೇ ಹೊತ್ತಿನಲ್ಲಿ ಒಬ್ಬ ಗುರುವನ್ನು ನೆನೆಯಬೇಕು. ಸಂತ ಜೋಸೆಫ್ ವಾಜ್. 1651ರಲ್ಲಿ ಗೋವಾದ ಬಾಣಾವಲಿಯಲ್ಲಿ ಹುಟ್ಟಿದವರು. 1681ರಿಂದ 1684ರವರೆಗೆ ಕೆನರಾದಲ್ಲಿ ದುಡಿದು ಆಮೇಲೆ ಸಿಂಹಳಕ್ಕೆ ಹೋದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅವರ ಹೆಸರಿನಲ್ಲಿ ನಮಗೆ ಯುರೋಪಿನ ನಂಟಿಗಿಂತ ಈ ಪಶ್ಚಿಮ ಘಟ್ಟದ ಬುಡದ ನಂಟು ದೊಡ್ಡದು.

ನಮ್ಮ ಊರಿನ ಗುಡಿಗಾರರ ಬಗ್ಗೆಯೂ ಇಲ್ಲೇ ಒಂದು ಮಾತು. ಸಾಗರ, ಸೊರಬದ ಕಡೆ ಗಂಧದ ಕೆತ್ತನೆ ಮಾಡುವ ಗುಡಿಗಾರರ ಹಿರಿಯರೂ ತಾವು ಗೋವಾದ ಕಡೆಯಿಂದ, ಪೋರ್ಚುಗೀಸರ ಕಾಟಕ್ಕೆ ಬಂದವರು ಅಂತಲೇ ಹೇಳುತ್ತಾರೆ. ನಮ್ಮ ಮನೆಯ ಆಲ್ತಾರಿನಲ್ಲಿರುವ, ಅಂದರೆ ಜಪದ ಪೀಠದಲ್ಲಿರುವ, ಶಿಲುಬೆ ಅಂಥ ಒಂದು ಮನೆಯಲ್ಲೇ ಕೆತ್ತಿದ್ದು. ದೇವರನ್ನು ಉಳಿಸಿಕೊಳ್ಳಲು ಊರು ಬಿಟ್ಟವರ ಮನೆತನದ ಕೈ, ದೇವರು ಬದಲಾದ ಮೇಲೆ ಊರು ಬಿಟ್ಟವರ ಮನೆಗೆ ಶಿಲುಬೆ ಕೆತ್ತಿ ಕೊಟ್ಟಿತು. ಉಳಿಯ ಗುರುತು ಯೇಸುವಿನ ಪಾದದ ಬಳಿ ಇವತ್ತಿಗೂ ಕೈಗೆ ಸಿಗುತ್ತೆ. ಚಿಕ್ಕವನಿದ್ದಾಗ ಜಪದ ಹೊತ್ತಿನಲ್ಲಿ ನಾನು ಅಲ್ಲೇ ಬೆರಳು ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದೆ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. 1784ರಲ್ಲಿ, ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ವಿಭೂತಿ ಬುಧವಾರದ ಹೊತ್ತಿಗೆ, ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲೇ ಸತ್ತವರು ಬಹಳ. 1799ರ ನಂತರ ಬದುಕಿ ಉಳಿದವರು ವಾಪಸ್ ಹೋದರು. ಈ ವಿಷಯವನ್ನು ಇವತ್ತು ಜಗಳಕ್ಕೆ ಎಳೆಯುವವರು ಇದ್ದಾರೆ. ನಾನು ಎಳೆಯುವುದಿಲ್ಲ. ನಮ್ಮ ಹಿರಿಯರು ಘಟ್ಟ ಹತ್ತಿದ ಮೊದಲ ದೊಡ್ಡ ನೆನಪು ಕೈದಿಗಳಾಗಿ ಹತ್ತಿದ್ದು, ಅಷ್ಟು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಎರಡನೆಯ ಸಲ ಹತ್ತಿದ್ದು ಹೊಟ್ಟೆಪಾಡಿಗೆ. ನಮ್ಮ ಪುಸ್ತಕ ತುಂಬಿರುವುದು ಇವರಿಂದ.

ಕೆಳಗೆ ಒಂದು ಮಾತಿದೆ, "ಘಟ್ಟಕ್ಕೆ ಹೋಗಿದ್ದಾನೆ". ಕೇಳಿದವರಿಗೆ ಉಳಿದದ್ದು ಗೊತ್ತಾಗುತ್ತಿತ್ತು. ಕೆಲಸ ಹುಡುಕಿ ಹೋಗಿದ್ದಾನೆ, ಜ್ವರ ಬರದಿದ್ದರೆ ಮಳೆಗೆ ಮುಂಚೆ ಬರುತ್ತಾನೆ. ಕೊಪ್ಪ, ಮೂಡಿಗೆರೆ, ಚಿಕ್ಕಮಗಳೂರಿನ ಕಡೆ ಕಾಫಿ ತೋಟ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಅಡಿಕೆ ತೋಟ, ಮರ ಕೊಯ್ಯುವ ಕೆಲಸ, ಜಂಬಿಟ್ಟಿಗೆ ಕಲ್ಲು ಕಡಿಯುವ ಕೆಲಸ, ಗಾರೆ ಕೆಲಸ. ಆಗುಂಬೆಯಲ್ಲಿ ಕೆಲವರು ಹತ್ತಿದರು. ಹುಲಿಕಲ್‌ನಲ್ಲಿ ಕೆಲವರು, ಕೊಲ್ಲೂರಿನ ದಾರಿಯಲ್ಲಿ ಕೆಲವರು, ಗೆರುಸೊಪ್ಪೆಯ ಮೇಲೆ ಕೆಲವರು. ನಮ್ಮ ಪುಸ್ತಕದಲ್ಲಿ ತಾಯಿಯ ಊರು ನೋಡಿದರೆ ಸಾಕು, ಯಾವ ಘಟ್ಟ ಹತ್ತಿ ಬಂದ ಮನೆ ಅಂತ ಹೇಳಬಹುದು. ಬ್ರಹ್ಮಾವರದ ಕಡೆಯವರು ಆಗುಂಬೆ, ಕುಂದಾಪುರದವರು ಹುಲಿಕಲ್, ಹೊನ್ನಾವರದವರು ಗೆರುಸೊಪ್ಪೆ. ಹೆಚ್ಚುಕಡಿಮೆ ಹಾಗೇ ಇದೆ.

ಮೊದಲು ಗಂಡಸರು ಮಾತ್ರ ಬರುತ್ತಿದ್ದರು. ಮಳೆ ಬೀಳುವ ಮುಂಚೆ ಇಳಿದು ಹೋಗಿ ಗದ್ದೆ ನೆಟ್ಟು, ಕೊಯ್ಲು ಮುಗಿಸಿ ಮತ್ತೆ ಬರುತ್ತಿದ್ದರು. ಅವರ ಗುರುತು ಜ್ಞಾನಸ್ನಾನದ ಪುಸ್ತಕದಲ್ಲಿ ಇಲ್ಲ, ಸಾವಿನ ಪುಸ್ತಕದಲ್ಲಿ ಇದೆ. ಅಲ್ಲಿ ಸಾವಿನ ಕಾರಣ ಅಂತ ಒಂದು ಕಡೆ ಬರೆಯುತ್ತಾರೆ. "ಫೆಬ್ರಿಸ್", "ಫೆಬ್ರಿಸ್", "ಫೆಬ್ರಿಸ್". ಜ್ವರ, ಜ್ವರ, ಜ್ವರ. ಮಲೇರಿಯಾ ಮಲೆನಾಡನ್ನು ಹೇಗೆ ತಿಂದಿತ್ತು ಅಂತ ಇಲ್ಲಿನ ಯಾವ ಮನೆಯವರನ್ನು ಕೇಳಿದರೂ ಗೊತ್ತು. ಸ್ವಾತಂತ್ರ್ಯದ ನಂತರ ಡಿಡಿಟಿ ಹೊಡೆಯುವವರೆಗೆ ಅದರ ಕಾಟ ನಿಲ್ಲಲಿಲ್ಲ. ಇಪ್ಪತ್ತು, ಇಪ್ಪತ್ತೆರಡು ವಯಸ್ಸಿನ ಹುಡುಗರು. ಹೆಂಡತಿ ಮಕ್ಕಳು ಕೆಳಗೆ. ಇಲ್ಲಿ ಮಣ್ಣು ಮಾಡಿದವರು ಜೊತೆಯ ಕೂಲಿಯವರು.

ಹೆಂಗಸರು ಬಂದ ಮೇಲೆ ಮಕ್ಕಳಾದವು. ಮಕ್ಕಳಾದ ಮೇಲೆ ಜ್ಞಾನಸ್ನಾನ ಬೇಕಾಯಿತು. ಹಾಗಾಗಿ ಈ ಧರ್ಮಕೇಂದ್ರ ಶುರು ಮಾಡಿದ್ದು ಯಾರು ಅಂತ ಕೇಳಿದರೆ, ಗಂಡನ ಜೊತೆ ಘಟ್ಟ ಹತ್ತಲು ಒಪ್ಪಿದ ಹೆಂಗಸರು ಅಂತ ಹೇಳುತ್ತೇನೆ. ಅವರ ಹೆಸರು ಕಲ್ಲಿನಲ್ಲಿ ಇಲ್ಲ. ಇರಬೇಕಿತ್ತು.

ಪಾದ್ರಿಗಳ ಕಷ್ಟವೂ ಸಣ್ಣದಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಕ್ರೈಸ್ತ ಸಭೆಯ ಕೆಲಸ ಬಹಳ ಕಾಲ ಫ್ರಾನ್ಸಿನ ಪ್ಯಾರಿಸ್ ಮಿಷನ್‌ನ ಗುರುಗಳ ಕೈಯಲ್ಲಿತ್ತು. ಕರಾವಳಿ ಬೇರೆ ಆಡಳಿತ, ಘಟ್ಟದ ಮೇಲೆ ಬೇರೆ ಆಡಳಿತ. ಹೀಗಾಗಿ ಕೊಂಕಣಿ ಮಾತ್ರ ಬಲ್ಲ ಜನರಿಗೆ ಫ್ರೆಂಚ್ ಮನೆಮಾತಿನ ಗುರು ಕನ್ನಡದಲ್ಲಿ ಪಾಪನಿವೇದನೆ ಕೇಳಬೇಕು. ಇಬ್ಬರಿಗೂ ಕನ್ನಡ ಕಲಿತ ಭಾಷೆ. ಪಾದ್ರಿ ಬರುವುದು ತಿಂಗಳಿಗೋ ಮೂರು ತಿಂಗಳಿಗೋ ಒಂದು ಸಲ. ಯಾರದೋ ಮನೆಯ ಜಗಲಿಯಲ್ಲಿ ಪೂಜೆ. ಅವರಿಲ್ಲದ ದಿನಗಳಲ್ಲಿ ಜಪ ಹೇಳಿಸುವುದು, ಸಾಯುವವರ ಪಕ್ಕ ಕೂರುವುದು, ಹುಟ್ಟಿದ ಕೂಸು ಉಳಿಯುವ ಹಾಗಿಲ್ಲ ಅಂದರೆ ನೀರು ಹಾಕಿ ಸ್ನಾನ ಕೊಡುವುದು, ಎಲ್ಲ ಗುರಿಕಾರನ, ಅಂದರೆ ಊರಿನ ಕ್ರೈಸ್ತರ ಮುಖ್ಯಸ್ಥನ ಕೆಲಸ, ಇಲ್ಲವೇ ಸೂಲಗಿತ್ತಿಯ ಕೆಲಸ. ಹಾಗೆ ಮನೆಯಲ್ಲೇ ಸ್ನಾನ ಪಡೆದ ಮಕ್ಕಳ ಹೆಸರಿನ ಮುಂದೆ ಪುಸ್ತಕದಲ್ಲಿ ಗುರುತಿದೆ. ಎಣಿಸಲು ಹೋಗಿ ಅರ್ಧಕ್ಕೆ ಬಿಟ್ಟೆ.

ಗುರಿಕಾರರ ಬಗ್ಗೆ ಒಂದು ಸತ್ಯ ಹೇಳಬೇಕು. ಅವರಲ್ಲಿ ಎಷ್ಟೋ ಒಳ್ಳೆಯವರಿದ್ದರು. ಆದರೂ ಗುರಿಕಾರ ಆಗುತ್ತಿದ್ದವರು ಹೆಚ್ಚಾಗಿ ನಾಲ್ಕು ಕಾಸು, ತುಂಡು ಜಮೀನು ಮಾಡಿಕೊಂಡವರೇ. ಹಬ್ಬದ ಮೆರವಣಿಗೆಯಲ್ಲಿ ಮುಂದೆ ಯಾರು, ಹಿಂದೆ ಯಾರು ಅನ್ನುವ ಲೆಕ್ಕ ಇತ್ತು. ಜಾತಿಯ ಲೆಕ್ಕವೂ ಇತ್ತು, ಜ್ಞಾನಸ್ನಾನದ ನೀರು ಅದನ್ನು ಪೂರ್ತಿ ತೊಳೆದಿರಲಿಲ್ಲ. ಒಳ್ಳೆಯದನ್ನು ಮಾತ್ರ ಹೇಳಿದರೆ ಹಿಂದಿನ ಬೆಂಚಿನಲ್ಲಿ ಕೂತು ಹೋದವರಿಗೆ ಅನ್ಯಾಯ ಆಗುತ್ತೆ.

ಆಮೇಲಿನ ಅಲೆಗಳನ್ನು ಬೇಗ ಬೇಗ ಹೇಳುತ್ತೇನೆ, ಇಲ್ಲಿರುವ ಹಲವರು ಕಣ್ಣಾರೆ ಕಂಡದ್ದು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ, ತಾಳಗುಪ್ಪ ಮುಟ್ಟಿದ್ದು 1940ರಲ್ಲಿ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಆಮೇಲೆ ಜೋಗದ ವಿದ್ಯುತ್ ಯೋಜನೆ, ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ಒಂದೊಂದು ಕೆಲಸಕ್ಕೂ ಒಂದೊಂದು ದಿಕ್ಕಿನಿಂದ ಜನ ಬಂದರು. ತಮಿಳು ಮಾತಾಡುವ, ಮಲಯಾಳ ಮಾತಾಡುವ, ತೆಲುಗು ಮಾತಾಡುವ ಕ್ರೈಸ್ತರು ಪುಸ್ತಕದೊಳಗೆ ಬಂದರು. ಡಿಸೋಜ, ಪಿಂಟೋ, ಲೋಬೋಗಳ ನಡುವೆ ಆರೋಗ್ಯಸ್ವಾಮಿ, ಚಿನ್ನಪ್ಪ, ವರ್ಗೀಸ್ ಅನ್ನುವ ಹೆಸರುಗಳು ಕಾಣಿಸಿಕೊಂಡವು. ಕೆಲಸದ ಜಾಗದಲ್ಲಿ "ಒಪೆರಾರಿಯುಸ್" ಹೋಗಿ ಫಿಟ್ಟರ್, ಡ್ರೈವರ್, ಮೇಸ್ತ್ರಿ ಅಂತ ಬಂತು.

ಶರಾವತಿಯ ಮುಳುಗಡೆಯ ನೋವು ನಿಮಗೆ ನಾನು ಹೇಳಬೇಕಿಲ್ಲ. ಲಿಂಗನಮಕ್ಕಿಯ ನೀರು 1819 ಅಡಿಗೆ ಬಂದು ನಿಂತರೆ ಎಷ್ಟು ಊರು ಅಡಿಯಲ್ಲಿ ಅಂತ ನಿಮಗೇ ಗೊತ್ತು. ಅಣೆಕಟ್ಟು ಕಟ್ಟಲು ಬಂದವರಲ್ಲಿ ನಮ್ಮವರಿದ್ದರು. ನೆಲ ಕಳೆದುಕೊಂಡವರು ದೀವರು, ಹವ್ಯಕರು, ಒಕ್ಕಲಿಗರು, ನಮ್ಮ ಅಕ್ಕಪಕ್ಕದವರು. ಒಬ್ಬರ ಕೂಲಿ ಇನ್ನೊಬ್ಬರ ಮನೆ ಮುಳುಗಿಸಿದ ಹಾಗಾಯಿತು. ಕಾಲೊನಿಯ ಕೆಲಸಗಾರರೂ ಬೇಕೆಂದು ಮಾಡಿದ್ದಲ್ಲ. ಕೆಲಸ ಮುಗಿದ ಮೇಲೆ ಅವರಲ್ಲೂ ಎಷ್ಟೋ ಜನ ಗಂಟು ಕಟ್ಟಿಕೊಂಡು ಮುಂದಿನ ಅಣೆಕಟ್ಟಿಗೆ ಹೋದರು. ಪುಸ್ತಕದಲ್ಲಿ ಆ ಮನೆಗಳ ಒಂದೋ ಎರಡೋ ಮಕ್ಕಳ ಹೆಸರಿದೆ. ಮದುವೆಯ ಪುಸ್ತಕದಲ್ಲಿ ಆ ಹೆಸರುಗಳು ಮತ್ತೆ ಬರುವುದೇ ಇಲ್ಲ.

ಕಾಗೋಡು ಇಲ್ಲೇ ಹತ್ತಿರ. ಗೇಣಿದಾರರು ಅಲ್ಲಿ ಮಾಡಿದ 1951ರ ಸತ್ಯಾಗ್ರಹ, 1974ರಲ್ಲಿ ಜಾರಿಯಾದ ಭೂಸುಧಾರಣೆ, ಗೇಣಿ ಮಾಡುತ್ತಿದ್ದವರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ನಮ್ಮಲ್ಲೂ ಗೇಣಿ ಮಾಡುತ್ತಿದ್ದ ಮನೆಗಳಿಗೆ ಭೂಮಿ ಸಿಕ್ಕಿತು. ಬರೀ ಕೂಲಿ ಮಾಡುತ್ತಿದ್ದವರಿಗೆ ಸಿಗಲಿಲ್ಲ. ಅವರ ಮಕ್ಕಳು ಕಾನ್ವೆಂಟ್ ಶಾಲೆಯ ನಾಲ್ಕು ಅಕ್ಷರ ಹಿಡಿದು ಶಿವಮೊಗ್ಗ, ಬೆಂಗಳೂರು, ಗಲ್ಫ್ ಕಡೆ ಹೋದರು.

ಪುಸ್ತಕದ ಭಾಷೆ ಬದಲಾದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. 1962ರಿಂದ 1965ರವರೆಗೆ ನಡೆದ ಸಭೆ ಅದು. ಪೂಜೆ ಜನರ ಭಾಷೆಯಲ್ಲಿ ಆಗಬಹುದು ಅಂದಿತು. ಲ್ಯಾಟಿನ್ ಇದ್ದಾಗ ಒಂದು ಅನುಕೂಲ ಇತ್ತು, ಅದು ಯಾರಿಗೂ ಅರ್ಥ ಆಗುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಸಮ. ಈಗ ಜನರ ಭಾಷೆ ಅಂದರೆ ಯಾವ ಜನರದ್ದು? ಕೊಂಕಣಿಯವರು ಕೊಂಕಣಿ ಬೇಕು ಅಂದರು. ತಮಿಳಿನವರು ನಮ್ಮದೂ ಇರಲಿ ಅಂದರು. ಕೆಲವು ವರ್ಷ ಮನಸ್ತಾಪ ನಡೆಯಿತು. ಮಾತು ಬಿಟ್ಟ ಮನೆಗಳಿದ್ದವು. ಕೊನೆಗೆ ಕನ್ನಡ ನಿಂತಿತು, ಕೊಂಕಣಿಗೂ ಒಂದು ಹೊತ್ತು ಸಿಕ್ಕಿತು. ನಾನು ಕೊಂಕಣಿ ಮನೆಯವನು. ಆದರೂ ಕನ್ನಡ ನಿಂತದ್ದು ಸರಿ ಅಂತಲೇ ಹೇಳುತ್ತೇನೆ. ಎಲ್ಲ ಬೆಂಚಿನವರೂ ಒಟ್ಟಿಗೆ ಹಾಡಬಹುದಾದ ಭಾಷೆ ಅದೊಂದೇ ಇತ್ತು. ಹಾಡುವಾಗ ನನ್ನ ಪಕ್ಕದವನು ತಮಿಳಿನ ಎಳೆತದಲ್ಲಿ, ನಾನು ಕೊಂಕಣಿಯ ಮೂಗಿನಲ್ಲಿ ಕನ್ನಡ ಹಾಡುತ್ತೇವೆ. ಈ ಊರಿನ ಸ್ವರವೇ ಅದು.

ಮೇಲಿನ ಆಡಳಿತವೂ ಬದಲಾಗುತ್ತ ಬಂತು. ಒಬ್ಬ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಕೆಳಗಿನ ಸೀಮೆಗೆ ಧರ್ಮಪ್ರಾಂತ್ಯ ಅನ್ನುತ್ತೇವೆ. ಮೊದಲು ನಾವು 1886ರಲ್ಲಿ ಆದ ಮೈಸೂರು ಧರ್ಮಪ್ರಾಂತ್ಯದವರು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಆಯಿತು, ಅದರೊಳಗೆ ಹೋದೆವು. 1988ರ ನವೆಂಬರ್‌ನಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ಬಂತು. ಇಗ್ನೇಷಿಯಸ್ ಪಿಂಟೋ ಅವರು ಮೊದಲ ಧರ್ಮಾಧ್ಯಕ್ಷರು. 2007ರಲ್ಲಿ ಕೇರಳದಿಂದ ಬಂದ ಸಿರೋ ಮಲಬಾರ್ ಸಂಪ್ರದಾಯದವರಿಗೆ ಭದ್ರಾವತಿಯಲ್ಲೇ ಬೇರೆ ಧರ್ಮಪ್ರಾಂತ್ಯ ಆಯಿತು. ಒಂದೇ ಕಪಾಟಿನ ಪುಸ್ತಕಗಳ ಮೇಲೆ ಮೂರು ಊರಿನ ಸೀಲು ಇದೆ.

ಈಗ ನಿಮಗೆ ಒಂದು ಕದಿರಿನ ವಿಷಯ ಹೇಳಬೇಕು. ಪುಸ್ತಕದಲ್ಲಿ ಇಲ್ಲದ್ದು, ಆದರೆ ಪುಸ್ತಕದಷ್ಟೇ ಖಚಿತವಾಗಿ ನಮ್ಮ ಮೂಲ ಹೇಳುವಂಥದ್ದು.

ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟುಹಬ್ಬ. ನಮ್ಮಲ್ಲಿ ಮೊಂತಿ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂ ಹಿಡಿದು ಹೋಗುವುದು ನೀವೆಲ್ಲ ನೋಡಿದ್ದೀರಿ. ನಿಮ್ಮ ಹಿತ್ತಲಿನ ಡೇರೆ ಹೂ, ಕಾಶಿತುಂಬೆ ಎಷ್ಟು ಸಲ ನಾವು ಕೇಳಿ ಕುಯ್ದಿಲ್ಲ! ಹಬ್ಬದ ದಿನ ಹೊಸ ಭತ್ತದ ಕದಿರನ್ನು ಪಾದ್ರಿ ಆಶೀರ್ವದಿಸುತ್ತಾರೆ. ಮನೆಗೊಂದು ಕದಿರು. ಅದನ್ನು ತಂದು, ಕಾಳು ಸುಲಿದು, ಪುಡಿ ಮಾಡಿ ಹಾಲಿಗೆ ಹಾಕಿ, ಮನೆಯ ಎಲ್ಲರೂ ಕುಡಿಯಬೇಕು. ಆಮೇಲೆ ಬಾಳೆಲೆ ಊಟ, ಅವತ್ತು ಮೀನೂ ಇಲ್ಲ, ಮಾಂಸವೂ ಇಲ್ಲ.

ಈಗ ಯೋಚನೆ ಮಾಡಿ. ಸೆಪ್ಟೆಂಬರ್ 8ಕ್ಕೆ ನಮ್ಮ ಮಲೆನಾಡಿನ ಯಾವ ಗದ್ದೆಯಲ್ಲಿ ಕದಿರು ಇರುತ್ತೆ? ಇಲ್ಲಿ ನಾಟಿ ಮುಗಿಯುವುದೇ ಆಗಸ್ಟ್‌ಗೆ. ಭೂಮಿ ಹುಣ್ಣಿಮೆ ಬರುವಾಗ, ಅಂದರೆ ಇನ್ನೂ ಒಂದು ತಿಂಗಳು ಕಳೆದ ಮೇಲೆ, ಭತ್ತ ಬಸುರಿ ಅಂತ ನೀವು ಗದ್ದೆಗೆ ಬಯಕೆಯ ಊಟ ಇಟ್ಟು ಬರುತ್ತೀರಿ. ಮೊಂತಿ ಹಬ್ಬದ ದಿನ ಇಲ್ಲಿ ಬರೀ ಹಸಿರು ಗರಿ. ಈ ಹಬ್ಬ ಬಂದದ್ದು ಘಟ್ಟದ ಕೆಳಗಿಂದ, ಮುಂಗಾರಿನ ಮೊದಲ ಬೆಳೆ ಬೇಗ ಬರುವ ಊರಿನಿಂದ. ಜನ ಘಟ್ಟ ಹತ್ತಿದಾಗ ಹಬ್ಬದ ತಾರೀಖು ಜೊತೆಗೆ ಬಂತು. ಗದ್ದೆ ಬರಲಿಲ್ಲ.

ಹಾಗಾಗಿ ಕದಿರು ಬಸ್ಸಿನಲ್ಲಿ ಬರುತ್ತಿತ್ತು. ನನಗೆ ಚೆನ್ನಾಗಿ ನೆನಪಿದೆ. ಹಬ್ಬದ ಹಿಂದಿನ ದಿನ ಸಂಜೆ, ಸುರಿಯುವ ಮಳೆ. ಅಪ್ಪ ನನ್ನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದರು. ಕೆಳಗಿನ ಯಾರೋ ನೆಂಟರು ಗೋಣಿತಾಟಿನಲ್ಲಿ ಸುತ್ತಿದ ಕದಿರಿನ ಕಟ್ಟನ್ನು ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿರುತ್ತಿದ್ದರು. ಬಸ್ಸು ತಡವಾದರೆ ಅಪ್ಪನ ಮುಖ ಸಣ್ಣದಾಗುತ್ತಿತ್ತು. ಒಂದು ವರ್ಷ ಘಟ್ಟದಲ್ಲಿ ಗುಡ್ಡ ಕುಸಿದು ಬಸ್ಸು ಬರಲೇ ಇಲ್ಲ. ಅವತ್ತು ನಮ್ಮ ಪಕ್ಕದ ತೋಟದ ಭಟ್ಟರ ಮನೆಯ ಅಮ್ಮ, ಹೋದ ವರ್ಷದ ಹೊಸ್ತಿನ ದಿನ ಬಾಗಿಲಿಗೆ ಕಟ್ಟಿದ್ದ ಒಣಗಿದ ಕದಿರನ್ನು ಬಿಚ್ಚಿ ಕೊಟ್ಟರು. "ಇದೂ ಭತ್ತವೇ ಅಲ್ವಾ, ತಗೊಂಡು ಹೋಗಿ" ಅಂದರು. ಪಾದ್ರಿ ಅದನ್ನೇ ಆಶೀರ್ವದಿಸಿದರು. ಕಾಳು ಗಟ್ಟಿಯಾಗಿತ್ತು, ಅಜ್ಜಿ ಬಹಳ ಹೊತ್ತು ಕುಟ್ಟಿದರು.

ಈ ಅಜ್ಜಿಯೇ ನಮ್ಮ ಮನೆಯಿಂದ ಮೊದಲು ಘಟ್ಟ ಹತ್ತಿದ ಹೆಂಗಸು. ಮದುವೆ ಆದದ್ದು ಇಲ್ಲೇ, ನಮ್ಮ ಚರ್ಚ್ ಇನ್ನೂ ಹುಲ್ಲಿನ ಮಾಡಿನಲ್ಲಿದ್ದಾಗ. ಮಂಗಳೂರು ಹೆಂಚು ಆಮೇಲೆ ಬಂತು. ಅಜ್ಜಿ ಓದು ಬರಹ ಕಲಿತವರಲ್ಲ. ಜಪದ ಪುಸ್ತಕವನ್ನು ಎದುರಿಗೆ ಇಟ್ಟುಕೊಂಡು ಬಾಯಿಪಾಠ ಹೇಳುತ್ತಿದ್ದರು. ಹುಟ್ಟಿದ ದಿನ ಗೊತ್ತಿರಲಿಲ್ಲ. "ದೊಡ್ಡ ಮಳೆ ಬಂದ ವರ್ಷ" ಅಂತಿದ್ದರು. ಅಲ್ಲಿ ದೊಡ್ಡ ಮಳೆ ಬರದ ವರ್ಷ ಯಾವುದು!

1907ರಲ್ಲಿ ರೋಮಿನಿಂದ ಒಂದು ನಿಯಮ ಬಂತು. ಮದುವೆ ಎಲ್ಲೇ ಆಗಲಿ, ಆ ಹುಡುಗ ಹುಡುಗಿಗೆ ಜ್ಞಾನಸ್ನಾನ ಆದ ಊರಿನ ಗುರುವಿಗೆ ಕಾಗದ ಬರೆದು ತಿಳಿಸಬೇಕು. ಅಲ್ಲಿಯವರು ಜ್ಞಾನಸ್ನಾನದ ಸಾಲಿನ ಪಕ್ಕ, ಅಂಚಿನಲ್ಲಿ, ಅದನ್ನು ಬರೆದುಕೊಳ್ಳಬೇಕು. ನಮ್ಮ ಪುಸ್ತಕದ ಅಂಚುಗಳ ತುಂಬ ಅಂಥ ಟಿಪ್ಪಣಿಗಳಿವೆ. ಇಲ್ಲಿ ಹುಟ್ಟಿದವರು ಎಲ್ಲೆಲ್ಲಿ ಹೋಗಿ ಮದುವೆಯಾದರು ಅನ್ನುವುದು ಅದರಿಂದಲೇ ಗೊತ್ತಾಗುತ್ತೆ. ಹಾಗಾದರೆ ನಮ್ಮ ಊರಿನಿಂದಲೂ ಕೆಳಗಿನ ಊರುಗಳಿಗೆ ಕಾಗದ ಹೋಗಿರಬೇಕಲ್ಲ?

ಹೋದ ಬೇಸಿಗೆಯಲ್ಲಿ ಅಜ್ಜಿಯ ಊರಿಗೆ ಹೋದೆ. ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಇಗರ್ಜಿ. ಅಲ್ಲಿನ ಗುರುಗಳು ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, ಪುಟ ನಿಧಾನವಾಗಿ ತಿರುಗಿಸಿ ಅಂದರು. ಮಧ್ಯಾಹ್ನದವರೆಗೆ ಹುಡುಕಿದೆ. ಅಪ್ಪನ ಹೆಸರು, ಅಮ್ಮನ ಹೆಸರು ಹೊಂದುವ ಒಂದು ಸಾಲು ಸಿಕ್ಕಿತು. ಹುಟ್ಟಿದ ದಿನ ಇತ್ತು, ಜುಲೈ ತಿಂಗಳು. ದೊಡ್ಡ ಮಳೆಯ ಮಾತು ಸುಳ್ಳಾಗಿರಲಿಲ್ಲ. ತಂದೆಯ ಕೆಲಸದ ಜಾಗದಲ್ಲಿ "ಒಪೆರಾರಿಯುಸ್".

ಪಕ್ಕದ ಅಂಚಿನಲ್ಲಿ ಬೇರೆ ಮಸಿಯಲ್ಲಿ, ಬೇರೆ ಕೈಯಲ್ಲಿ, ನಾಲ್ಕು ಪದ. ಇಂಥವನನ್ನು ಮದುವೆಯಾದಳು, ಇಂಥ ಊರಿನಲ್ಲಿ. ಊರಿನ ಹೆಸರು ನಮ್ಮದು. ಇಲ್ಲಿಂದ ಹೋದ ಕಾಗದವನ್ನು ಓದಿದ ಪಾದ್ರಿಗೆ ಆ ಹೆಸರು ಹೊಸದಿರಬೇಕು. ಒಂದು ಅಕ್ಷರ ಬರೆದು ಹೊಡೆದು ಹಾಕಿ, ಮತ್ತೆ ಬರೆದು, ಮತ್ತೂ ತಪ್ಪಾಗಿಯೇ ಬರೆದಿದ್ದರು.